ಎರಡನೇ ಪೆಡಲ್

ಡ್ರೈವಿಂಗ್ ಸಾಲಿ ಗಾಡಿಗೆ ಎರಡು ಬ್ರೇಕು.
ಒಂದು ಕಲಿಯವರ ಕಾಲಾಗ, ಒಂದು ನನ್ನ ಕಾಲಾಗ,
ನಡುವ ಒಂದು ಕಬ್ಬಿಣದ ಸಲಾಕಿ.
ತೊಂಬತ್ತೆಂಟರ ಮಾರುತಿ. ಒಂದು ಕಾಲಕ್ಕ ಬಿಳಿದಿತ್ತು,
ಈಗ ಯಾದಗಿರಿ ಧೂಳಿನ ಬಣ್ಣ.
ಹಿಂದಿನ ಗಾಜಿನ ಮ್ಯಾಲಿನ ಕೆಂಪು ಎಲ್
ಅರ್ಧ ಕಿತ್ತು ಹೋಗ್ಯದ.

"ಸರ, ಬ್ರೇಕ್ ಕೆಳಗ ಇಳೀಲಿಕತ್ತದ"
ಅಂದ್ರು ಇಂದುಬಾಯಿ ಸಿಸ್ಟರ್, ಸೋಮವಾರ, ಸಿಗ್ನಲ್‌ನ್ಯಾಗ.
"ಜೋರ್ ಒತ್ತ್ರಿ ಮೇಡಂ" ಅಂದೆ.
ಮಂಗಳವಾರ ಮತ್ತ ಅದೇ ಮಾತು.
"ನಿಮ್ಮ ಕಾಲಾಗ ಕಸುವಿಲ್ಲ" ಅಂದೆ.
ಬುಧವಾರ ಅವರು ಏನೂ ಅನ್ನಲಿಲ್ಲ.
ರೈಲ್ವೆ ಗೇಟು ಬಿದ್ದಿತ್ತು. ಸೆಕಿಗೆ ನಾನು ಕಾಲು ಚಾಚಿ ಕುಂತಿದ್ದೆ.
ಅವರು ಚಪ್ಪಲಿ ಬಿಟ್ಟು
ಬರಿಗಾಲಿನ ಬೆರಳು ಪೆಡಲಿನ ಮ್ಯಾಲ ಇಟ್ರು.
ಗೂಡ್ಸ್ ಗಾಡಿ ಹೊಂಟಿತ್ತು,
ಅವರ ತುಟಿ ಸಣ್ಣಗ ಅಲ್ಲಾಡ್ತಿತ್ತು.
"ಮೂವತ್ತೆರಡನೇ ಡಬ್ಬಿಗೆ ನೆಲ ಹತ್ತಿತ್ರಿ ಸರ."

ಮೌಲಾಲಿ ಮಿಸ್ತ್ರಿ ಗ್ಯಾರೇಜು ಶಹಾಪುರ ರಸ್ತಾದಾಗ,
ಬೇವಿನ ಗಿಡವೇ ಛತ್ತು.
ಬಾನೆಟ್ ಎತ್ತಿ ಎಣ್ಣಿ ಡಬ್ಬಿ ನೋಡಿದ:
ಗೆರಿ ತನಕ ಅದ, ಹನಿ ಕಮ್ಮಿ ಇಲ್ಲ.
ನಾಲ್ಕೂ ಗಾಲಿ ಬಿಚ್ಚಿದ. ಎಲ್ಲೂ ಹಸಿ ಇಲ್ಲ,
ಹಿಂದಿನ ಡ್ರಮ್ಮಿನಾಗ ಬರೀ ಕರಿ ಹುಡಿ.
ಗಾಳಿ ಹೊಕ್ಕದೇನು ಅಂತ ನಿಪ್ಪಲ್ ಸಡ್ಲ ಮಾಡಿ
ಎಣ್ಣಿ ಬಾಟಲಿಗೆ ಬಿಟ್ಟ. ಗುಳ್ಳಿ ಬರಲಿಲ್ಲ.
ಕಡಿಕೆ ತಾನೇ ಸೀಟಿಗೆ ಕುಂತು
ಎಂಬತ್ತು ಕಿಲೋ ಮೈ ಒಂದೇ ಕಾಲಿಗೆ ಹಾಕಿ ತುಳಿದ.
ಪೆಡಲ್ ಕಲ್ಲಾಗಿ ನಿಂತಿತು.
"ಏನೂ ಆಗಿಲ್ಲ ಸರ. ಸುಮ್ಮನ ಭ್ರಮಿ."
ನಾನು ನಕ್ಕೆ.

"ನಾಡಿ ನೋಡೂಮುಂದ" ಅಂದ್ರು ಇಂದುಬಾಯಿ,
"ಹಿಂಗ ಒತ್ತಿ ಹಿಡಿದ್ರ ಬದುಕಿದಾಂವನೂ ಸತ್ತಂಗ ಕಾಣ್ತಾನ.
ಬೆರಳು ಹಗುರ ಇರಬೇಕ್ರಿ."

ಮತ್ತ ಚಪ್ಪಲಿ ಬಿಟ್ರು.
ನಾವಿಬ್ಬರೂ ಬಾಗಲದಾಗ ಬಗ್ಗಿ ನೋಡಿದ್ವಿ.
ಪೆಡಲ್ ಇಳೀತು, ಅವಸರ ಇಲ್ಲದಂಗ,
ಸಂಜಿಕ ಕೋಟಿ ನೆಳ್ಳು ಗುಡ್ಡ ಇಳದಂಗ.
ಒಂದು ಬೆರಳು. ಎರಡು. ಮ್ಯಾಟ್ ಮುಟ್ಟಿತು.
ಮೌಲಾಲಿ ಬೀಡಿ ಆರಿಸಿದ.

ಮಾಸ್ಟರ್ ಸಿಲಿಂಡರ್ ಬಿಚ್ಚಿ ಅಂಗೈ ಮ್ಯಾಲ ತೋರಿಸಿದ:
ಕರಿ ರಬ್ಬರ್ ವಾಷರು, ಅದರ ತುಟಿ
ಕೂದಲಷ್ಟು ಸವದದ.
"ಜೋರ್ ತುಳಿದ್ರ ತುಟಿ ಉಬ್ಬಿ ಗ್ವಾಡಿಗೆ ಅಂಟ್ತದ, ಎಣ್ಣಿ ನಿಲ್ತದ.
ಹಗುರ ಒತ್ತಿದ್ರ ಬಗಲಾಗಿಂದ ಹಿಂದಕ್ಕ ಜಾರ್ತದ.
ಹೊರಗ ಒಂದು ಹನಿ ಬೀಳಂಗಿಲ್ಲ ಸರ,
ಒಳಗಿಂದ ಒಳಗ."
ಆಮ್ಯಾಲ ಸಿಸ್ಟರ್ ಕಡೆ ತಿರುಗಿ,
ಮೊಣಕಾಲಿನ ನೋವಿಗೆ ಏನು ಹಚ್ಚಬೇಕು ಅಂತ ಕೇಳಿದ.

ನಾನು ನನ್ನ ಪೆಡಲ್ ನೋಡಿದೆ.
ರಬ್ಬರ್ ಸವದು ಕಬ್ಬಿಣ ಹೊಳೀಲಿಕತ್ತದ.
ಕಲಿಯವರ ಪೆಡಲಿನ ರಬ್ಬರಿನ ಮ್ಯಾಲ
ಗೆರಿ ಇನ್ನೂ ಹಂಗೇ ಅವ, ಅಂಗಡಿಯಾಗ ಕೊಂಡಂಗ.
ಹತ್ತೊಂಬತ್ತು ವರ್ಷ.
ಎಷ್ಟು ಮಂದಿಗೆ ಕಲಿಸೀನಿ ಅಂತ ಬೋರ್ಡಿನ ಮ್ಯಾಲ ಬರಸೀನಿ.
ನಿಲ್ಲಿಸಿದಾಂವ ನಾನು.
ಅವರ ಕಾಲು ಏಳೂಕಿಂತ ಮೊದಲೇ ನನ್ನ ಕಾಲು;
ಅವರು ಒತ್ತಿದ್ದು ಗಾಲಿಗೆ ಮುಟ್ಟಿತ್ತೋ ಇಲ್ಲೋ
ಅವರಿಗೂ ಗೊತ್ತಿಲ್ಲ, ನನಗೂ.

ಶನಿವಾರ ಕಿಟ್ ಬಂತು, ರಾಯಚೂರು ಬಸ್ಸಿನ್ಯಾಗ,
ಬೀಡಿ ಕಟ್ಟಿನಷ್ಟು ಪೊಟ್ಟಣ.
ಐತವಾರ ಮುಂಜಾನೆ ಕೋಟಿ ಗುಡ್ಡದ ಇಳಕಲು.
ನಾನು ಎರಡೂ ಕಾಲು ಸೀಟಿನ ಕೆಳಗ ಎಳಕೊಂಡೆ.
ಮಾತು ಕೇಳವಲ್ಲವು. ಅಲ್ಲೇ ಒತ್ತಲಿಕತ್ತಿದ್ದವು
ಬರೀ ನೆಲ.
ತಿರುವಿನ್ಯಾಗ ಒಂದು ಎಮ್ಮಿ, ಅದರ ಹಿಂದ ಅದರ ಕರ.
ಇಂದುಬಾಯಿ ನನ್ನ ಕಡೆ ನೋಡಲಿಲ್ಲ.
ಗಾಡಿ ನಿಂತಿತು.
ಎಮ್ಮಿಗೆ ಯಾವ ಅವಸರಾನೂ ಇರಲಿಲ್ಲ.
ಅವರ ತುಟಿ ಅಲ್ಲಾಡ್ತಿತ್ತು, ನಾನೂ ಎಣಿಸಿದೆ.
ಪೆಡಲ್ ಅಲ್ಲೇ ಇತ್ತು.
ಅರವತ್ತಕ್ಕ ನಾನು ಬಿಟ್ಟೆ.